ಸೀಸೆಯ ಮೇಲಿನ ಹೆಸರು

ನರಸಿಂಹಸ್ವಾಮಿಯನ್ನು ನಂಬಿ ನಡೆಯುವ ಹಿರಿಯ ಕಿರಿಯರೆಲ್ಲರಿಗೂ ನಮಸ್ಕಾರ. ಈ ಭಕ್ತರ ಪತ್ರಿಕೆಯಲ್ಲಿ ತಮ್ಮ ಅನುಭವ ಬರೆಯುವವರು ಬಹುಮಟ್ಟಿಗೆ ಸಜ್ಜನರು. ಕಷ್ಟವೇ ಅವರ ಮನೆ ಹುಡುಕಿಕೊಂಡು ಬಂದಿರುತ್ತದೆ. ನನ್ನ ವಿಷಯದಲ್ಲಿ ಕಷ್ಟಕ್ಕೆ ಆ ಶ್ರಮ ಬೇಕಾಗಲಿಲ್ಲ. ನಾನೇ ಅದನ್ನು ಒಂದು ಸೀಸೆಯಲ್ಲಿ ತುಂಬಿಸಿ, ಮುಚ್ಚಳ ಬಿಗಿದು, ಮೇಲೆ ನನ್ನ ಹೆಸರು ಬರೆದು, ಕೈಯಾರೆ ಕೊಟ್ಟು ಬಂದೆ.

ತೊಂಬತ್ತೆಂಟರ ಮಾತು. ಆಗ ನಾನು ಭದ್ರಾವತಿಯ ಒಂದು ಎರಕದ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ನಲವತ್ತೈದು ದಾಟಿದ ಗಂಡಸರೆಲ್ಲ ವರ್ಷಕ್ಕೊಮ್ಮೆ ಕಾರ್ಖಾನೆಯ ಡಾಕ್ಟರ ಹತ್ತಿರ ಹೋಗಿ ತೂಕ, ಕಣ್ಣು, ಬಿ.ಪಿ., ಮೂತ್ರ ತೋರಿಸಿಕೊಂಡು ಬರಬೇಕೆಂದು ಆ ವರ್ಷ ಹೊಸದಾಗಿ ನೋಟಿಸು ಹಾಕಿದರು. ನನಗೆ ನಲವತ್ತೊಂಬತ್ತು. ತೂಕಕ್ಕೂ ಕಣ್ಣಿಗೂ ನಾನು ಹೆದರುವವನಲ್ಲ. ಆದರೆ ಎರಡು ತಿಂಗಳಿಂದ ನಮ್ಮ ಬಚ್ಚಲಿಗೆ ಇರುವೆಗಳು ಸಾಲುಗಟ್ಟಿ ಬಂದು ನನ್ನ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸುತ್ತಿದ್ದವು. ಸಕ್ಕರೆ ಕಾಯಿಲೆ ಎಂದು ಕಾಗದದ ಮೇಲೆ ಬಿದ್ದರೆ ಕ್ರೇನಿನಿಂದ ಇಳಿಸುತ್ತಾರೆ. ಹತ್ತೊಂಬತ್ತು ವರ್ಷ ಎಲ್ಲರ ತಲೆಯ ಮೇಲೆ ಕೂತು ಓಡಾಡಿದವನಿಗೆ ನೆಲದ ಮೇಲಿನ ಬಾಳು ಬೇಡವಾಗಿತ್ತು.

ಕೆಳಗೆ ನಿಂತು ಸರಕಿಗೆ ಸರಪಳಿ ಬಿಗಿದು ನನಗೆ ಕೈಸನ್ನೆ ಮಾಡುತ್ತಿದ್ದವನು ಆರ್ಮುಗಂ. ಅವನು ಎತ್ತು ಎಂದರೆ ಎತ್ತಬೇಕು, ಇಳಿಸು ಎಂದರೆ ಇಳಿಸಬೇಕು. ವಯಸ್ಸು ಮೂವತ್ತೊಂಬತ್ತು. ಜ್ವರ ಎಂದು ಒಂದು ದಿನ ರಜೆ ಹಾಕಿದವನಲ್ಲ. ಬೀಡಿಯೊಂದನ್ನು ಬಿಟ್ಟರೆ ದೋಷವಿಲ್ಲದ ಮನುಷ್ಯ. ನೋಟಿಸು ಅವನಿಗೆ ಅನ್ವಯಿಸುತ್ತಿರಲಿಲ್ಲ. ಅವನ ಕೈಗೆ ಖಾಲಿ ಸೀಸೆ ಕೊಟ್ಟು ಸಂಗತಿ ಹೇಳಿದೆ.

"ಇಷ್ಟೇನಾ ಅಣ್ಣಾ? ಬಕೆಟ್ ತಂದಿದ್ರೆ ನೀವು ರಿಟೈರ್ ಆಗೋವರೆಗೂ ಆಗೋಷ್ಟು ಕೊಡ್ತಿದ್ದೆ" ಎಂದ.

ನಾಲ್ಕನೆಯ ದಿನ ಡಾಕ್ಟರು ಕರೆಸಿದರು. "ಸಕ್ಕರೆ ಇಲ್ಲ" ಎಂದರು. ನಾನು ಕೈಮುಗಿದು ಎದ್ದೆ.

"ಕೂತ್ಕೊಳ್ಳಿ. ರಕ್ತ ಇದೆ."

ಬರಿಗಣ್ಣಿಗೆ ಕಾಣುವುದಿಲ್ಲ, ಮೈಕ್ರೋಸ್ಕೋಪಿನಲ್ಲಿ ಬೇಕಾದಷ್ಟು ಕಾಣುತ್ತಿದೆ ಎಂದರು. "ನೋವು ಉರಿ ಏನಾದ್ರೂ ಇದ್ಯಾ?" ಎಂದು ಕೇಳಿದರು. ಇಲ್ಲವೆಂದೆ. "ಇಲ್ಲ ಅನ್ನೋದೇ ಹೆದರಿಕೆ. ನೋವಿಲ್ಲದೆ ರಕ್ತ ಬಂದ್ರೆ ಒಳಗೆ ಗಡ್ಡೆ ಇಲ್ಲ ಅಂತ ಖಾತ್ರಿ ಮಾಡ್ಕೋಬೇಕು. ತಡ ಮಾಡ್ಬೇಡಿ" ಎಂದು ಶಿವಮೊಗ್ಗದ ಮೂತ್ರರೋಗದ ಡಾಕ್ಟರಿಗೆ ಪತ್ರ ಬರೆದು ಕೊಟ್ಟರು.

ಆಗ ನನ್ನ ಮನಸ್ಸಿನಲ್ಲಿ ಮೊದಲು ಎದ್ದ ಮಾತನ್ನು ಮುಚ್ಚಿಟ್ಟರೆ ಇದನ್ನು ಬರೆದೂ ಪ್ರಯೋಜನವಿಲ್ಲ. 'ಸದ್ಯ, ನನ್ನದಲ್ಲ.' ಎರಡನೆಯ ಮಾತು ಏಳಲು ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟು ಹೊತ್ತು ಹಿಡಿಯಿತು. 'ಹಾಗಾದರೆ ಅವನದು.'

ಅಂದೇ ಹೇಳಬೇಕಿತ್ತು. ಹೇಳಿದರೆ ಮೋಸ ಹೊರಬೀಳುತ್ತದೆ. ಕ್ರೇನ್ ಹೋಗುತ್ತದೆ, ಕೆಲಸವೇ ಹೋದರೂ ಹೋಯಿತು. 'ನಾಳೆ' ಎಂದುಕೊಂಡೆ. ಕಾರ್ಖಾನೆಯಲ್ಲಿ "ಪಾಸಾ ಅಣ್ಣಾ?" ಎಂದು ಅವನು ಕೆಳಗಿನಿಂದ ಕೂಗಿ ಕೇಳಿದ. ನಾನು ಮೇಲಿನಿಂದ ತಲೆಯಾಡಿಸಿದೆ.

ಮೂರನೆಯ ದಿನ ಬಟ್ಟೆ ಒಗೆಯುವಾಗ ಜೇಬಿನಲ್ಲಿದ್ದ ಪತ್ರ ನಮ್ಮ ಮನೆಯವಳ ಕೈಗೆ ಸಿಕ್ಕಿತು. ಅತ್ತಳು. ಯಾರಿಗೂ ಹೇಳಕೂಡದೆಂದು ಅವಳಿಂದ ಆಣೆ ಹಾಕಿಸಿಕೊಂಡೆ. ಮುಂದಿನ ವಾರ ಶಿವಮೊಗ್ಗಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿದೆ. ಅವಳು ರಾತ್ರಿ ಊಟ ಬಿಟ್ಟಳು. ದಿನಾ ಬೆಳಿಗ್ಗೆ ಹಳೇನಗರದ ನರಸಿಂಹಸ್ವಾಮಿ ಗುಡಿಗೆ ಹೋಗಿ ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿ, ಕುಂಕುಮ ತಂದು ನನ್ನ ಹಣೆಗಿಡುತ್ತಿದ್ದಳು. ಇಲ್ಲದ ಕಾಯಿಲೆಗೆ ನನ್ನಷ್ಟು ಭಕ್ತಿಯಿಂದ ಶುಶ್ರೂಷೆ ಮಾಡಿಸಿಕೊಂಡವರು ಈ ಜಿಲ್ಲೆಯಲ್ಲಿ ಇರಲಾರರು. ಬಡಿಸಿದ್ದರಲ್ಲಿ ಅರ್ಧ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. ನಿಜವಾಗಿ ಸೊರಗಿದೆ, ಅದನ್ನು ನೋಡಿ ಅವಳು ಇನ್ನಷ್ಟು ಅತ್ತಳು.

ಒಮ್ಮೆ ಟಿಫಿನ್ ಹೊತ್ತಿನಲ್ಲಿ, "ಆರ್ಮುಗ, ನೀನೂ ಒಂದ್ಸಲ ತೋರಿಸ್ಕೊಂಡು ಬಾ ಮಾರಾಯ" ಎಂದೆ.

"ನಾನ್ಯಾಕಣ್ಣಾ? ನನ್ ಸರ್ಟಿಫಿಕೇಟು ನಿಮ್ ಹೆಸ್ರಲ್ಲಿ ಬಂದೈತಲ್ಲ!" ಎಂದು ನಕ್ಕು ಬೀಡಿ ಹಚ್ಚಿದ.

ಮೇಲಿನ ಕ್ಯಾಬಿನ್ನಿನಿಂದ ಅವನನ್ನೇ ನೋಡುತ್ತಿದ್ದೆ. ಒಂದು ದಿನ ಅವನು ಸೊಂಟಕ್ಕೆ ಕೈ ಕೊಟ್ಟ. ನಾನು ಎತ್ತಿದ ಸರಕನ್ನು ನಡುಗಾಳಿಯಲ್ಲೇ ನಿಲ್ಲಿಸಿಬಿಟ್ಟೆ. ಅವನು ಪ್ಯಾಂಟು ಮೇಲಕ್ಕೆ ಎಳೆದುಕೊಂಡಿದ್ದ, ಅಷ್ಟೆ. "ನಿದ್ದೆ ಬಂತಾ ಅಣ್ಣಾ?" ಎಂದು ಕೂಗಿದ. ನಾನು ಸ್ವಾಮಿಯಲ್ಲಿ ಬೇಡಿಕೊಳ್ಳುತ್ತಿದ್ದುದು ಇಷ್ಟು: ವರದಿ ತಪ್ಪಾಗಿರಲಿ, ತಪ್ಪಾಗಿರದಿದ್ದರೆ ಬೇರೆ ಯಾರಾದರೂ ಅವನಿಗೆ ಹೇಳಲಿ. ಇಂಥ ಪ್ರಾರ್ಥನೆಗೆ ಮರ್ಯಾದಸ್ಥ ದೇವರು ಯಾರೂ ಉತ್ತರ ಕೊಡುವುದಿಲ್ಲ. ಸ್ವಾಮಿಯೂ ಕೊಡಲಿಲ್ಲ. ನನ್ನಂಥವನ ಕಡೆ ಅವನು ಇನ್ನು ಮುಖ ತಿರುಗಿಸುವುದಿಲ್ಲ ಎಂದು ನನಗೆ ಖಚಿತವಾಯಿತು.

ಹನ್ನೊಂದನೆಯ ದಿನ ಶನಿವಾರ. ಉಪವಾಸದಿಂದ ನಿತ್ರಾಣವಾಗಿ ಮನೆಯವಳು ಹಾಸಿಗೆ ಹಿಡಿದಿದ್ದಳು. ಅರ್ಚನೆ ತಪ್ಪಬಾರದೆಂದು ನನ್ನನ್ನೇ ಅಟ್ಟಿದಳು. ಗುಡಿಯಲ್ಲಿ ಅರ್ಚಕರು, "ಹೇಳೋದೇ ಬೇಡ, ನಿಮ್ಮ ಹೆಸರು ನಕ್ಷತ್ರ ಬಾಯಿಪಾಠ ಆಗಿದೆ" ಎಂದು ಸಂಕಲ್ಪ ಶುರು ಮಾಡಿದರು. ನನ್ನ ಹೆಸರು ಗರ್ಭಗುಡಿಯೊಳಗೆ ಕೇಳಿಸಿತು. ಡಾಕ್ಟರ ಮೇಜಿನ ಮೇಲೆ ಇಟ್ಟ ಸುಳ್ಳನ್ನೇ ಈಗ ದೇವರ ಪಾದದ ಮೇಲೂ ಇಡುತ್ತಿದ್ದೆ.

"ನಿಲ್ಲಿಸಿ. ಹೆಸರು ಬೇರೆ" ಎಂದೆ.

"ಯಾರದು?"

"ಆರ್ಮುಗಂ."

"ನಕ್ಷತ್ರ?"

"ಗೊತ್ತಿಲ್ಲ."

"ಹೋಗಿ ಕೇಳ್ಕೊಂಡು ಬನ್ನಿ. ಬಾಗಿಲು ಹಾಕೋಕೆ ಇನ್ನೂ ಹೊತ್ತಿದೆ."

ನಕ್ಷತ್ರ ಗೊತ್ತಿಲ್ಲದಿದ್ದರೆ ಹೆಸರೊಂದೇ ಸಾಕೆಂದು ಎಷ್ಟೋ ಜನಕ್ಕೆ ಅರ್ಚನೆ ಮಾಡಿಕೊಟ್ಟವರು ಅವರು. ಅವತ್ತು ಯಾಕೆ ಹಾಗೆ ಹಟ ಹಿಡಿದರೋ, ಆಮೇಲೆ ಕೇಳಿದರೆ ಅವರಿಗೆ ನೆನಪೇ ಇಲ್ಲ. ಯಾರು ಹಿಡಿಸಿದರೆಂದು ನನಗೆ ಸಂಶಯವಿಲ್ಲ.

ಸೈಕಲ್ ತುಳಿದು ಹೋದೆ. ಆರ್ಮುಗಂ ಬಾಗಿಲಲ್ಲಿ ಕನ್ನಡಿ ಇಟ್ಟುಕೊಂಡು ಗಡ್ಡ ಬೋಳಿಸಿಕೊಳ್ಳುತ್ತಿದ್ದ.

"ನಿನ್ನ ನಕ್ಷತ್ರ ಯಾವುದೋ?"

"ಕೃತ್ತಿಕೆ. ಯಾಕಣ್ಣಾ, ಹೆಣ್ಣು ನೋಡಿದ್ದೀರಾ? ಒಳಗಿರೋಳನ್ನ ಒಂದು ಮಾತು ಕೇಳ್ಬಿಡಿ."

ಒಳಗೆ ಅವನ ಹೆಂಡತಿ ಸೆಲ್ವಿ ನಕ್ಕದ್ದು ಕೇಳಿಸಿತು. ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಮುಗಿಸುವಷ್ಟರಲ್ಲಿ ಅವನ ಅರ್ಧ ಕೆನ್ನೆಯ ಮೇಲಿನ ನೊರೆ ಒಣಗಿತ್ತು. ಆಮೇಲೆ, "ಇರಿ ಅಣ್ಣಾ, ಉಳಿದಿದ್ದು ಬೋಳಿಸ್ಕೊಂಡು ಬರ್ತೀನಿ" ಎಂದ. ಒಣಗಿದ ನೊರೆಗೆ ಮತ್ತೆ ನೀರು ಹಚ್ಚಿಕೊಂಡ.

ಗುಡಿಗೆ ಹೋಗಿ ನಕ್ಷತ್ರ ಹೇಳಿ, ಅಲ್ಲಿಂದ ಡಾಕ್ಟರ ಬಳಿಗೆ ಹೋದೆವು. "ಈ ಕಾರ್ಖಾನೇಲಿ ಏನೇನೋ ಕಳ್ಳತನ ನೋಡಿದ್ದೀನಿ. ಇದು ಹೊಸದು" ಎಂದರು. ಆರ್ಮುಗನ ಹೆಸರಿಗೆ ಬೇರೆ ಪತ್ರ ಬರೆದರು. ನನ್ನದನ್ನು ಔಷಧಿ ಬೆರೆಸಿ ಎದುರಿಗೇ ಕಾಯಿಸಿ ನೋಡಿದರು. ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಅಂದರೆ ಸಕ್ಕರೆ ತುಂಬಿತ್ತು. ಸೋಮವಾರದಿಂದ ನಾನು ನೆಲದ ಮನುಷ್ಯನಾದೆ. ಮನೆಯವಳಿಗೆ ತಿಳಿಸಿದಾಗ, "ನಾನು ಬಿಟ್ಟ ಊಟ ಎಲ್ಲ ಆರ್ಮುಗನಿಗಾ?" ಎಂದು ಕೇಳಿ, ಹಾಸಿಗೆಯಿಂದ ಎದ್ದು ಕೂತು, "ಆಗ್ಲಿ. ಅವನಿಗೇ ಆಗ್ಲಿ" ಎಂದಳು.

ಶಿವಮೊಗ್ಗದ ಬಸ್ಸಿನಲ್ಲಿ ಆರ್ಮುಗಂ, ಸೆಲ್ವಿ, ನಾನು ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಸ್ಕ್ಯಾನಿನಲ್ಲಿ ಮೂತ್ರಕೋಶದ ಒಳಗೆ ಕಡಲೆಕಾಳಿನಷ್ಟು ಗಡ್ಡೆ ಕಂಡಿತು. ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ ನಳಿಗೆ ಹಾಕಿ ಕೆರೆದು ತೆಗೆದು, ಚೂರನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಒಂಬತ್ತು ದಿನ.

ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನ ಅಲ್ಲೇ ಗೋಪಾಳ ಬಡಾವಣೆಯಲ್ಲಿದ್ದ ನನ್ನ ತಂಗಿಯ ಮನೆಯಿಂದ ಕ್ಯಾರಿಯರ್ ಹೊತ್ತು ಹೋಗುತ್ತಿದ್ದೆ. ಸೆಲ್ವಿ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಬಕೆಟ್ಟಿನ ಮಾತಾಡಿದ್ದ ಮನುಷ್ಯ, ಮಂಚದ ಪಕ್ಕ ನೇತುಹಾಕಿದ್ದ ಚೀಲದಲ್ಲಿ ಕೆಂಪು ನೀರು ತುಂಬುವುದನ್ನು ನೋಡುತ್ತಾ ಮಲಗಿರುತ್ತಿದ್ದ. ಒಂದು ಮಧ್ಯಾಹ್ನ, "ಅಣ್ಣಾ, ಚಿಕ್ಕೋಳಿಗೆ ಆರು ವರ್ಷ. ಅವಳಿಗೆ ನನ್ ಮುಖ ನೆನಪಿರ್ತದಾ?" ಎಂದ. ನಾನು ಕ್ಯಾರಿಯರಿನ ಮುಚ್ಚಳ ತೆಗೆದೆ, ಹಾಕಿದೆ. ನಾನು ಮುಚ್ಚಿಟ್ಟ ಹನ್ನೊಂದು ದಿನದಲ್ಲಿ ಗಡ್ಡೆ ಎಷ್ಟು ಬೆಳೆದಿರಬಹುದೆಂದು ಡಾಕ್ಟರನ್ನು ಕೇಳುವ ಧೈರ್ಯ ನನಗಿರಲಿಲ್ಲ. ಆ ದಿನಗಳಲ್ಲಿ ಸ್ವಾಮಿಯ ಬಳಿ ನನಗಾಗಿ ಏನನ್ನೂ ಕೇಳಲಿಲ್ಲ. ಬದುಕಿನಲ್ಲಿ ಅದೇ ಮೊದಲು.

ಒಂಬತ್ತನೆಯ ದಿನ ಡಾಕ್ಟರು ಕಾಗದ ಬಿಚ್ಚಿದರು. "ಕ್ಯಾನ್ಸರೇ" ಎಂದರು. ಸೆಲ್ವಿ ಎದ್ದು ಬಾಗಿಲ ಕಡೆ ಹೊರಟಳು. "ಅಮ್ಮಾ, ಪೂರ್ತಿ ಕೇಳಿ. ಮೇಲ್ಪದರದಲ್ಲೇ ಇದೆ, ಬುಡಕ್ಕೆ ಇಳಿದಿಲ್ಲ. ಪೂರ್ತಿ ತೆಗೆದಿದ್ದೀನಿ. ಮೂರು ತಿಂಗಳಿಗೊಮ್ಮೆ ತಪ್ಪದೆ ಬರ್ಬೇಕು, ಬೀಡಿ ಮುಟ್ಟಬಾರದು. ಈ ವಯಸ್ಸಲ್ಲಿ ಯಾರೂ ಪರೀಕ್ಷೆ ಮಾಡಿಸೋದಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಆರ್ಮುಗಂ ನನ್ನ ಕಡೆ ನೋಡಿದ. ನೋಟಿಸಿನ ಪ್ರಕಾರ ಅವನ ಸರದಿ ಬರಲು ಇನ್ನೂ ಆರು ವರ್ಷವಿತ್ತು.

ಇದಾಗಿ ಎಂಟು ವರ್ಷ. ಗಡ್ಡೆ ಎರಡು ಸಲ ಮತ್ತೆ ಚಿಗುರಿತು, ಎರಡು ಸಲವೂ ಕೆರೆದರು. ಆರ್ಮುಗಂ ಕೆಲಸಕ್ಕೆ ಹೋಗುತ್ತಿದ್ದಾನೆ. ಯಾರೂ ನನ್ನ ದಾರಿ ಹಿಡಿಯಬೇಡಿ. ನಿಮ್ಮ ಸೀಸೆಗೆ ನಿಮ್ಮದನ್ನೇ ತುಂಬಿ ಕೊಡಿ. ಸ್ವಾಮಿ ನನ್ನ ಮೋಸವನ್ನು ಬಳಸಿಕೊಂಡ ಎಂದರೆ ಮೋಸವನ್ನು ಮೆಚ್ಚಿದ ಎಂದಲ್ಲ.

ಆ ಒಂಬತ್ತನೆಯ ದಿನ ಆಸ್ಪತ್ರೆಯಿಂದ ಹೊರಬಂದು ಬಸ್ಸಿಗೆ ಕಾಯುವಾಗ ಸೆಲ್ವಿ ಮೊದಲ ಸಲ ನನ್ನ ಕಡೆ ತಿರುಗಿದಳು. ಕೈಮುಗಿಯುತ್ತಾಳೇನೋ ಎಂದು, ಸುಳ್ಳೇಕೆ, ನಾನು ಮುಖವನ್ನು ಅದಕ್ಕೆ ತಕ್ಕಂತೆ ಮಾಡಿಕೊಂಡೆ.

"ಅಣ್ಣಾ, ಅವತ್ತು ಶನಿವಾರ ಗುಡಿ ಐಯ್ಯರು ಕಳಿಸ್ದೇ ಇದ್ದಿದ್ರೆ, ನೀವು ಯಾವತ್ತು ಬರ್ತಿದ್ರಿ?"

ಬಸ್ಸು ಬಂತು, ಹತ್ತಿದೆವು. ಇವತ್ತಿನವರೆಗೂ ನನ್ನಲ್ಲಿ ಉತ್ತರವಿಲ್ಲ. ಅದಕ್ಕೇ ನನ್ನ ನಂಬಿಕೆ ಗಟ್ಟಿಯಾಯಿತು. ಸ್ವಾಮಿ ಆರ್ಮುಗನನ್ನು ರೋಗದಿಂದ ಕಾಪಾಡಿದ. ಅದಕ್ಕೆ ಡಾಕ್ಟರೂ ಜೊತೆಗಿದ್ದರು. ನನ್ನಿಂದಲೂ ಕಾಪಾಡಿದ. ಆ ಕೆಲಸ ಅವನೊಬ್ಬನೇ ಮಾಡಬೇಕಾಯಿತು.