ಕೌದಿಯ ಹೊಟ್ಟೆ

ಅಂದು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿದ್ದವರು ಆರು ಜನ. ಪೊಲೀಸ್ ಠಾಣೆಯ ಫೌಜದಾರರು, ಬೆಳಗಾವಿಯ ಪ್ರಯೋಗಾಲಯದಿಂದ ಬಂದ ಮೇಡಂ, ಪಂಚನಾಮೆಗೆ ಸಾಕ್ಷಿಯಾಗಿ ಕೂತ ನಾನು ಮತ್ತು ಊರಿನ ಒಬ್ಬ ದ್ರಾಕ್ಷಿ ಬೆಳೆಗಾರ, ಕಂಬಕ್ಕೆ ಒರಗಿ ನಿಂತ ಎದುರುಮನೆಯ ಕಾಕು, ಮತ್ತು ನನ್ನ ಅಪ್ಪನ ತಾಯಿ, ನಮ್ಮ ಆಯಿ. ನೆಲಕ್ಕೆ ಬಿಳಿ ಕಾಗದ ಹಾಸಿ ಹಳೆ ಅರಿವೆಯ ತುಂಡು ಜೋಡಿಸಿ ಹೊಲಿದ ಒಂದು ಹರಕು ಕೌದಿ ಇಟ್ಟಿದ್ದರು. ಉಗಾರದ ಕಡೆಯ ಕಬ್ಬಿನ ಹೊಲದ ನೀರಿನಲ್ಲಿ ನಾಲ್ಕು ದಿನ ಬಿದ್ದಿದ್ದ ಗಂಡುಹೆಣವೊಂದು ಅದರಲ್ಲಿ ಸುತ್ತಿಕೊಂಡಿತ್ತು. ಮುಖ ಗುರುತು ಸಿಗುವಂತಿರಲಿಲ್ಲ. ಹೆಣವನ್ನು ಅಥಣಿಯ ದವಾಖಾನೆಗೆ ಒಯ್ದಾಗಿತ್ತು. ಕೌದಿ ಮಾತ್ರ ಇನ್ನೂ ಒಳಗೊಬ್ಬ ಮಲಗಿದ್ದಾನೆ ಎನ್ನುವ ಹಾಗೆ ಉಬ್ಬಿಕೊಂಡಿತ್ತು.

ಕೌದಿಯಲ್ಲಿದ್ದ ಹಸಿರು ತುಂಡುಗಳು ಕಾಕುವಿನ ಸೀರೆಯವು. ಅವಳ ಗಂಡ, ನಮ್ಮ ಕಾಕಾ, ಇಚಲಕರಂಜಿಯಿಂದ ತಂದಿದ್ದ ಆ ಸೀರೆಯನ್ನು ಊರೇ ನೋಡಿತ್ತು. ಅದು ಹಳತಾದ ಮೇಲೆ ಆಯಿ ಅದರಿಂದ ಎರಡು ಕೌದಿ ಹೊಲಿದಿದ್ದಳು. ಠಾಣೆಯಲ್ಲಿ ಕಾಕಾ, ಎರಡೂ ನಮ್ಮ ಮನೆಯಲ್ಲೇ ಇವೆ ಎಂದು ಆಣೆ ಮಾಡಿ ಹೇಳಿದ್ದರು. ಮನೆಯಲ್ಲಿ ಸಿಕ್ಕದ್ದು ಒಂದೇ. ಬೆಳಗಿನಿಂದ ಅವರನ್ನು ಬಿಟ್ಟಿರಲಿಲ್ಲ.

ಸಾಲದ್ದಕ್ಕೆ ಆ ಒಂದನ್ನೂ ಕಾಕು ಪೊಲೀಸರು ಕೇಳಿದ ಕೂಡಲೇ ಸೋಪು ಹಾಕಿ ಕುಕ್ಕಿ ಕುಕ್ಕಿ ಒಗೆದು, ಒದ್ದೆಯಾಗಿಯೇ ತಂದುಕೊಟ್ಟಿದ್ದಳು.

"ಯಾಕ ತೊಳದ್ರಿ?" ಎಂದರು ಫೌಜದಾರರು.

"ಹೊಲಸ ಹಾಸಿಗಿ ಪರರ ಕೈಯಾಗ ಹೆಂಗ ಕೊಡೂದ್ರಿ ಸಾಹೇಬ್ರ?"

ನಮ್ಮ ಕಡೆಯ ಯಾವ ಹೆಣ್ಣುಮಗಳೂ ಹಾಗೇ ಮಾಡುತ್ತಿದ್ದಳು. ಮೇಡಂ ಮಾತ್ರ ಹಣೆ ಹಿಡಿದುಕೊಂಡರು. ಬಟ್ಟೆಗೆ ಬಟ್ಟೆ ತಾಗಿದರೆ ಕಣ್ಣಿಗೆ ಕಾಣದ ಎಳೆ ಇಲ್ಲಿಂದ ಅಲ್ಲಿಗೆ ದಾಟುತ್ತದಂತೆ. ಸತ್ತವನ ಅಂಗಿಯ ಒಂದೇ ಒಂದು ಎಳೆಯೂ ಈ ಮನೆಯ ಕೌದಿಯ ಮೇಲಿಲ್ಲ ಎಂದು ತೋರಿಸಿದ್ದರೆ ಕಾಕಾನಿಗೆ ಅನುಕೂಲವಾಗುತ್ತಿತ್ತು. ಈಗ ಇದ್ದದ್ದೋ ಇಲ್ಲದ್ದೋ, ಎಲ್ಲ ಸೋಪಿನ ನೀರಿನ ಜೊತೆ ಹರಿದುಹೋಗಿತ್ತು. ಅವರು ಹರಕು ಕೌದಿಗೆ ಪಾರದರ್ಶಕ ಟೇಪು ಒತ್ತಿ ಒತ್ತಿ ಎತ್ತುತ್ತಿದ್ದರು. ಟೇಪು ಚರ್ರ್ ಎಂದು ಬಿಟ್ಟುಬರುತ್ತಿತ್ತು. ಹಸಿರಿನ ಪಕ್ಕದಲ್ಲಿ ಒಂದು ನೀಲಿ ತುಂಡು ಕಂಡಿತು. ನಾನು ಶಾಲೆಗೆ ಹೋಗುವಾಗಿನ ಅಂಗಿ. ನನ್ನ ಎದೆಗೆ ತಾಗಿದ್ದ ಅರಿವೆ ಯಾರೋ ಗುರುತಿಲ್ಲದವನ ಎದೆಯ ಮೇಲೆ ನಾಲ್ಕು ದಿನ ಇತ್ತಲ್ಲ ಎಂದುಕೊಂಡು ಎದೆ ಮುಟ್ಟಿಕೊಂಡೆ.

ಆಯಿಗೆ ಕಣ್ಣು ಮಂಜು. ಮೇಡಂ ತೊಡಿಸಿದ ಕೈಗವಸಿನಲ್ಲೇ ಕೌದಿಯ ಅಂಚು ಹಿಡಿದು, ಹೊಲಿಗೆಯ ಮೇಲೆ ಬೆರಳು ಸರಿಸುತ್ತ ಹೋದಳು. ಮೂಲೆಗೆ ಬಂದಾಗ ಬೆರಳು ನಿಂತಿತು.

"ಇದು ನಾ ಹೊಲದದ್ದ. ಈ ಮೂಲಿ ಬಿಚ್ಚವಾ ಮಗಳ. ಹೊಟ್ಯಾಗ ಜ್ವಾಳ ಅದಾವ. ಜ್ವಾಳ ಇದ್ರ ಇದು ಆ ಮನ್ಯಾಗ ಇದ್ದದ್ದಲ್ಲ."

ಕೌದಿಯ ಕೊನೆಯ ಮೂಲೆಯನ್ನು ಆಯಿ ಬರಿದೇ ಮುಚ್ಚುತ್ತಿರಲಿಲ್ಲ. ಮನೆಯಲ್ಲೇ ಉಳಿಯುವ ಕೌದಿಯಾದರೆ ಹೋಳಿಗೆಯ ಚೂರು, ಪರರ ಮನೆಗೆ ಹೋಗುವುದಾದರೆ ಚಿಟಿಕೆ ಜೋಳ ಇಟ್ಟು ಹೊಲಿಯುತ್ತಿದ್ದಳು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂಬುದು ಅವಳ ನಂಬಿಕೆ.

"ಕೌದಿಗೂ ಊಟಾ ಹಾಕ್ತೀರೇನ ಆಯಿ?" ಫೌಜದಾರರು ನಕ್ಕರು.

"ಹಾಕ್ತೀವಪಾ. ಮುಂಜಾನಿಂದ ಕೂಡಿಸೀರಲ್ಲ, ಅವಗ ನೀವು ಏನರ ಹಾಕೀರಿಲ್ಲೋ?"

ಅವರ ನಗು ಅಲ್ಲಿಗೇ ನಿಂತಿತು. ಮೇಡಂ ಸಣ್ಣ ಕತ್ತರಿಯಿಂದ ಒಂದೊಂದೇ ಹೊಲಿಗೆ ಕಿತ್ತರು. ಪದರು ತೆರೆದುಕೊಂಡಾಗ ದ್ರಾಕ್ಷಿಯವ ಎದ್ದು ಹಿಂದೆ ಸರಿದ. ಜೋಳವಿತ್ತು. ಮೊಳಕೆಯೊಡೆದಿತ್ತು. ಬಿಸಿಲು ಕಾಣದ ಬೆಳ್ಳನೆಯ ಮೊಳಕೆಗಳು ಬೆರಳುದ್ದ ಬೆಳೆದು, ಒಂದಕ್ಕೊಂದು ಹೆಣೆದುಕೊಂಡು, ಹಸಿರು ಸೀರೆಯನ್ನು ತೂರಿ ಒಳಮುಖವಾಗಿ, ಆ ಮನುಷ್ಯ ಮಲಗಿದ್ದ ಕಡೆಗೇ ಹೊರಟಿದ್ದವು.

ಮನೆಯ ಕೌದಿಯ ಮೂಲೆಯನ್ನೂ ಬಿಚ್ಚಿದರು. ಬೆಲ್ಲದ ಕಂದು ಕಲೆಯೊಂದು ಉಳಿದಿತ್ತು, ಅಷ್ಟೇ.

ಆಗ ಕಾಕು ಬಾಯಿ ಬಿಟ್ಟಳು. ಕಬ್ಬು ಕಡಿಯುವ ಗ್ಯಾಂಗಿನ ಒಬ್ಬ ಹೆಣ್ಣುಮಗಳು ಗುಡಿಸಲಲ್ಲೇ ಹಡೆದಿದ್ದಳಂತೆ. ಕೂಸಿನ ಮೈಮೇಲೆ ಅರಿವೆಯಿಲ್ಲದ್ದನ್ನು ನೋಡಲಾರದೆ, ಎರಡನೆಯ ಕೌದಿಯನ್ನು ಆ ಬಾಣಂತಿಗೆಂದೇ ಹೊಲಿಸಿದ್ದಳು. ತಾನು ಪ್ರೀತಿಯಿಂದ ತಂದ ಸೀರೆ ಪರರ ಪಾಲಾಯಿತೆಂದು ಗಂಡ ಸಿಟ್ಟಾದಾನೆಂದು ಕಾಕಾನಿಗೆ ಹೇಳಿರಲಿಲ್ಲ. "ಈಗ ಹೇಳಿದ್ರ ಕತಿ ಕಟ್ಟಾಕತ್ತಾಳ ಅಂತಿದ್ರಿ," ಎಂದಳು. ಫೌಜದಾರರು ಬರೆದುಕೊಂಡರು. ನಾನು, ದ್ರಾಕ್ಷಿಯವ ಸಹಿ ಹಾಕಿದೆವು.

ಮರುದಿನ ಸಂಜೆ ಕಾಕಾನನ್ನು ಬಿಟ್ಟರು. ರಾಯಬಾಗದ ಕಡೆ ಹೋಗಿದ್ದ ಗ್ಯಾಂಗಿನ ಮೇಸ್ತ್ರಿ, ಮುಕಾದಮನನ್ನು, ಎಂಟು ದಿನದಲ್ಲಿ ಹಿಡಿದು ತಂದರು. ಹೊಲದಲ್ಲಿ ಸತ್ತಿದ್ದವನು ಆ ಬಾಣಂತಿಯ ಗಂಡ; ಕೊಂದು ಕೌದಿಯಲ್ಲಿ ಸುತ್ತಿ ಎಸೆದದ್ದು ತಾನೇ ಎಂದು ಮುಕಾದಮ ಒಪ್ಪಿಕೊಂಡ. ಹೆಣವನ್ನು ಅಷ್ಟರಲ್ಲಿ ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿಯಾಗಿತ್ತು. ತಿಂಗಳಾದ ಮೇಲೆ ಅವಳು ಕೂಸನ್ನೆತ್ತಿಕೊಂಡು ಒಬ್ಬಳೇ ಬಸ್ಸಿಳಿದು, ಕಾಕುವಿನ ಮನೆ ಕೇಳುತ್ತ ಬಂದಳು. ಕಾಕಾ ಕೂಸನ್ನು ಇಸಿದುಕೊಂಡರು. ಕಾಕು ಅವಳನ್ನು ಹೊಳೆಗೆ ಕರೆದೊಯ್ದು ಜಾಗ ತೋರಿಸಿದಳು.