ಸೊಣ್ಣಮ್ಮನಿಗೆ ಆಗದ ಆಪರೇಷನ್

ಸಾರಕ್ಕಿ ಹಳೇ ಊರಿನ ಸೊಣ್ಣಮ್ಮನ ಹತ್ತಿರ ಯಾರಾದರೂ ಒಂದು ಕಾಗದ ಕೇಳಿದರೆ ಆಕೆ ಐದು ಕೊಡುತ್ತಿದ್ದಳು. ಆಧಾರ್, ಪ್ಯಾನ್, ವೋಟರ್ ಚೀಟಿ, ರೇಷನ್ ಕಾರ್ಡ್, ಅದರ ಮೇಲೆ ಆಸ್ಪತ್ರೆಯ ಇನ್ಶೂರೆನ್ಸ್ ಕಾರ್ಡು. ಐದನ್ನೂ ಜೆರಾಕ್ಸ್ ಮಾಡಿಸಿ, ಪಿನ್ನು ಹೊಡೆಸಿ, ಇಪ್ಪತ್ತು ಇಪ್ಪತ್ತೈದು ಸೆಟ್ ಕಬ್ಬಿಣದ ಟ್ರಂಕಿನಲ್ಲಿ ಇಟ್ಟುಕೊಂಡಿರುತ್ತಿದ್ದಳು. ಗ್ಯಾಸಿನವನಿಗೆ ಒಂದು ಸೆಟ್. ಮೊಬೈಲ್ ಸಿಮ್ಮಿಗೆ ಒಂದು ಸೆಟ್. ಮೊಮ್ಮಗಳ ಹುಟ್ಟುಹಬ್ಬಕ್ಕೆ ಶಾಮಿಯಾನ ಹಾಕಿದವನು ಬರಿಯ ವಿಳಾಸ ಕೇಳಿದ್ದಕ್ಕೂ ಒಂದು ಸೆಟ್.

"ಅತ್ತೆ, ಅವನು ಆಧಾರ್ ಕೂಡ ಕೇಳಲಿಲ್ವಲ್ಲ" ಎಂದು ಸೊಸೆ ಬಿಂದುಶ್ರೀ ಎಷ್ಟೋ ಸಲ ಹೇಳಿದ್ದಳು.

"ಇವತ್ತು ಕೇಳಲ್ಲ, ನಾಳೆ ಕೇಳ್ತಾನೆ. ಮೊದ್ಲೇ ಬಿಸಾಕಿಬಿಟ್ರೆ ತಿರುಗಾಡೋದು ತಪ್ಪುತ್ತೆ ಕಣಮ್ಮ."

ಇದು ಹುಚ್ಚಲ್ಲ. ಸೊಣ್ಣಮ್ಮ ಮದುವೆಯಾಗಿ ಬಂದ ಹೊಸದರಲ್ಲಿ, ಮಾವನ ಹೊಲವೆಲ್ಲ ಲೇಔಟಿಗೆ ಹೋದಾಗ, ಪರಿಹಾರದ ದುಡ್ಡಿಗಾಗಿ ಮಾವನ ಜೊತೆ ಆಫೀಸಿನಿಂದ ಆಫೀಸಿಗೆ ನಡೆದವಳು ಈಕೆಯೇ. ಹೋದಾಗಲೆಲ್ಲ ಗುಮಾಸ್ತ ಇನ್ನೊಂದು ನಕಲು ತನ್ನಿ ಎನ್ನುತ್ತಿದ್ದ. ತಂದರೆ ಮತ್ತೊಂದು ಎನ್ನುತ್ತಿದ್ದ. ಮಾವ ಹಾಗೆಯೇ ತಿರುಗುತ್ತಾ ಮುದುಕನಾದ. ಆ ಹೊಲ ಇದ್ದ ಕಡೆ ಈಗ ಕಾರುಗಳು ಸಿಗ್ನಲ್ಲಿಗೆ ಕಾದು ನಿಂತಿರುತ್ತವೆ. ಉಳಿದ ಒಂದು ಸೈಟಿನಲ್ಲಿ ಸೊಣ್ಣಮ್ಮ ಮತ್ತು ಗಂಡ ಬೈರಣ್ಣ ಮೇಲೊಂದು ಮನೆ ಕಟ್ಟಿಕೊಂಡು, ಕೆಳಗೆ ಒಂಬತ್ತು ಬಾಡಿಗೆ ಮನೆ ಎಬ್ಬಿಸಿದರು. ಬಾಡಿಗೆಗೆ ಬಂದವರಿಗೆಲ್ಲ ಅಗ್ರಿಮೆಂಟಿನ ಜೊತೆ ಒಂದೊಂದು ಸೆಟ್ ತಪ್ಪದೆ ಸಿಗುತ್ತಿತ್ತು.

ಹೀಗಿರುವಾಗ ಹೋದ ವರ್ಷ ಕಾರ್ತಿಕ ಮಾಸದಲ್ಲಿ ಸೊಣ್ಣಮ್ಮನಿಗೆ ಬಲಪಕ್ಕೆಯ ಕೆಳಗೆ ನೋವು ಬಂತು. ಊಟ ಮಾಡಿದಾಗಲೆಲ್ಲ ಹಿಡಿದುಕೊಳ್ಳುವುದು, ಬೆನ್ನಿನವರೆಗೂ ಹೋಗುವುದು. ಬನಶಂಕರಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಪಿತ್ತಕೋಶದಲ್ಲಿ ಕಲ್ಲು, ತೆಗೆಸಬೇಕು ಎಂದರು ಡಾಕ್ಟರು. ಬಿಂದುಶ್ರೀ ಕಾರ್ಡು ಹಿಡಿದು ಕೆಳಗಿನ ಇನ್ಶೂರೆನ್ಸ್ ಕೌಂಟರಿಗೆ ಹೋದಳು. ಹಿಂದೆ ಸೊಣ್ಣಮ್ಮನೂ ಹೋದಳು.

ಕೌಂಟರಿನಲ್ಲಿ ಕೂತಿದ್ದವನ ಹೆಸರು ಸೋಮನಾಥ್. ಕಂಪ್ಯೂಟರ್ ನೋಡಿದ, ಸೊಣ್ಣಮ್ಮನನ್ನು ನೋಡಿದ, ಮತ್ತೆ ಕಂಪ್ಯೂಟರ್ ನೋಡಿದ.

"ಆಂಟಿ, ನಿಮಗೆ ಈ ಆಪರೇಷನ್ ಆಗಿಹೋಗಿದೆ."

"ಯಾವಾಗ?"

"ಎರಡು ವರ್ಷದ ಹಿಂದೆ, ಬೊಮ್ಮನಹಳ್ಳಿಯ ನರ್ಸಿಂಗ್ ಹೋಮಲ್ಲಿ. ಗಾಲ್ ಬ್ಲಾಡರ್ ತೆಗೆದಿದ್ದಾರೆ. ಕ್ಲೇಮ್ ಪಾಸಾಗಿದೆ."

ಸೊಣ್ಣಮ್ಮ ಕೌಂಟರಿನ ಮುಂದೆಯೇ ಸೆರಗು ಸರಿಸಿ ಹೊಟ್ಟೆ ತೋರಿಸಿದಳು. "ಎಲ್ಲಪ್ಪಾ ಹೊಲಿಗೆ? ಎರಡು ಹೆರಿಗೆ ಆಗಿವೆ, ಒಂದಕ್ಕೂ ಕುಯ್ಸಿಕೊಂಡವಳಲ್ಲ ನಾನು. ನೋಡ್ಕೋ."

"ಅತ್ತೆ!" ಬಿಂದುಶ್ರೀ ಸೆರಗು ಎಳೆದು ಮುಚ್ಚಿದಳು. ಕ್ಯೂನಲ್ಲಿದ್ದವರು ನಕ್ಕರು. ಸೋಮನಾಥ್ ಮಾತ್ರ ನಗಲಿಲ್ಲ.

"ನಿಮಗೆ ಆಗಿಲ್ಲ ಅಂತ ಸ್ಕ್ಯಾನೇ ಹೇಳುತ್ತೆ ಆಂಟಿ. ಅಂದ್ರೆ ನಿಮ್ಮ ಕಾರ್ಡಲ್ಲಿ ಬೇರೆಯವರು ಮಾಡಿಸಿಕೊಂಡಿದ್ದಾರೆ. ನೀವಾಗೇ ಕೊಟ್ಟಿದ್ರಾ ಅಂತ ಕಂಪನಿ ಕೇಳುತ್ತೆ. ಕೊಟ್ಟಿದ್ರೆ ಪಾಲಿಸಿನೇ ಕ್ಯಾನ್ಸಲ್."

ಆ ಮಾತು ಕೇಳಿ ಸೊಣ್ಣಮ್ಮನ ಮುಖ ಇಳಿಯಿತು. ಪಾಲಿಸಿ ಆಕೆಯೊಬ್ಬಳದಲ್ಲ, ಬೈರಣ್ಣನೂ ಅದರಲ್ಲೇ ಇದ್ದ. ಬೈರಣ್ಣನ ಎದೆಗೆ ಸ್ಟೆಂಟ್ ಹಾಕಿ ಮೂರು ವರ್ಷ. ಎಪ್ಪತ್ತು ದಾಟಿದ ಹೃದ್ರೋಗಿಗೆ ಹೊಸ ಪಾಲಿಸಿ ಯಾರು ಕೊಡುತ್ತಾರೆ? ಕೈಯಿಂದಲೇ ದುಡ್ಡು ಕಟ್ಟಿ ಆಪರೇಷನ್ ಮಾಡಿಸೋಣ ಎಂದಳು ಸೊಸೆ. ಸೊಣ್ಣಮ್ಮ ಒಪ್ಪಲಿಲ್ಲ. "ನನ್ನ ಕಲ್ಲು ಇವತ್ತು ತೆಗೀಬೋದು. ನಾಳೆ ನಿಮ್ಮ ಮಾವ ಎದೆ ಹಿಡ್ಕೊಂಡ್ರೆ? ಪಾಲಿಸಿ ಉಳೀಬೇಕು."

ಜಯನಗರದ ಸೀನು ಎಂಬ ನಿವೃತ್ತರು ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಬೆಳಿಗ್ಗೆ ಸಾರಕ್ಕಿ ಕೆರೆ ಸುತ್ತ ವಾಕಿಂಗಿಗೆ ಬರುತ್ತಿದ್ದರು. ಕೆರೆ ಏರಿಯ ಬೆಂಚಿನ ಮೇಲೆ ಸೊಣ್ಣಮ್ಮ ಅವರನ್ನು ಹಿಡಿದಳು.

"ಸೀನು ಸಾರ್, ನಾನು ಕಾರ್ಡು ಯಾರಿಗೂ ಕೊಟ್ಟಿಲ್ಲ. ಬರೀ ಜೆರಾಕ್ಸು."

"ಎಷ್ಟು ಜನಕ್ಕಮ್ಮಾ?"

ಸೊಣ್ಣಮ್ಮ ಬೆರಳು ಮಡಿಸುತ್ತಾ ಹೋದಳು. ಎರಡು ಕೈಯೂ ಮುಗಿದ ಮೇಲೆ ಬಿಟ್ಟಳು. ಸೀನು ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು.

"ನೋಡಿಯಮ್ಮಾ, ಇನ್ನೊಬ್ಬರ ಗುರುತು ಬಳಸಿಕೊಂಡು ಮೋಸ ಮಾಡೋದು ಐಟಿ ಕಾಯ್ದೆಯಲ್ಲಿ ಅಪರಾಧ, ಮೂರು ವರ್ಷದವರೆಗೂ ಜೈಲು. ಆದರೆ ಕಾನೂನು ನಿಮ್ಮ ಕಡೆ ಬರಬೇಕಾದರೆ ನೀವು ಮೊದಲು ದೂರು ಕೊಡಬೇಕು. ಸುಮ್ಮನಿದ್ದರೆ ನೀವೂ ಪಾಲುದಾರರು ಅಂದುಕೊಳ್ಳುತ್ತಾರೆ. ಇನ್ನೊಂದು ವಿಷಯ. ಆ ನರ್ಸಿಂಗ್ ಹೋಮಿನ ಫೈಲು ನಿಮ್ಮ ಹೆಸರಲ್ಲಿದೆ. ರೋಗಿ ಬರೆದು ಕೇಳಿದರೆ ಎಪ್ಪತ್ತೆರಡು ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ನಿಯಮ ಇದೆ. ಹೋಗಿ ಕೇಳಿ."

"ನಾನು ರೋಗಿನೇ ಅಲ್ವಲ್ಲ ಸಾರ್."

"ಅವರ ಲೆಕ್ಕದಲ್ಲಿ ನೀವೇ."

"ಕಂಪನಿಯವ್ರು ಒಪ್ಪದೇ ಹೋದ್ರೆ?"

"ಒಂದು ತಿಂಗಳು ನೋಡಿ. ಆಮೇಲೆ ಜೆ.ಪಿ. ನಗರದಲ್ಲೇ ಇನ್ಶೂರೆನ್ಸ್ ತಕರಾರು ವಿಚಾರಿಸೋ ಒಂಬುಡ್ಸ್‌ಮನ್ ಆಫೀಸ್ ಇದೆ, ಅಲ್ಲಿಗೆ ಬರೆಯೋಣ. ಫೀಸೂ ಇಲ್ಲ, ವಕೀಲರೂ ಬೇಡ."

ಬೊಮ್ಮನಹಳ್ಳಿಯ ಆ ನರ್ಸಿಂಗ್ ಹೋಮು ಗಾರ್ಮೆಂಟ್ಸ್ ಬೀದಿಯೊಂದರ ಮೂಲೆಯಲ್ಲಿತ್ತು. ರೆಕಾರ್ಡ್ಸ್ ನೋಡುವ ಹೆಂಗಸು ಮೊದಲು ಆಗಲ್ಲ ಎಂದಳು. ಬಿಂದುಶ್ರೀ ಅರ್ಜಿ ಕೊಟ್ಟು ರಸೀದಿಗೆ ಸೀಲು ಹಾಕಿಸಿಕೊಂಡಳು. ಮೂರನೇ ದಿನ ಫೈಲಿನ ನಕಲು ಕೈಗೆ ಬಂತು.

ಮೊದಲ ಹಾಳೆಯಲ್ಲಿ ಸೊಣ್ಣಮ್ಮನದೇ ಸೆಟ್ ಇತ್ತು. ನಕಲಿನ ನಕಲಿನ ನಕಲು. ಆಧಾರಿನಲ್ಲಿ ಮುಖ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಮಚ್ಚೆ. ಆ ಮಚ್ಚೆಯನ್ನು ನೋಡಿ ಅರವತ್ತರ ಹತ್ತಿರದ ಯಾವ ಹೆಂಗಸನ್ನು ಬೇಕಾದರೂ ಸೊಣ್ಣಮ್ಮ ಎನ್ನಬಹುದಿತ್ತು. ಮುಂದಿನ ಹಾಳೆಗಳಲ್ಲಿ ಇದ್ದದ್ದು ಬೇರೊಬ್ಬಳ ದೇಹ. ಅವಳಿಗೆ ಸಕ್ಕರೆ ಕಾಯಿಲೆ, ಸೊಣ್ಣಮ್ಮನಿಗಿಲ್ಲ. ಅವಳ ರಕ್ತದ ಗುಂಪು ಬೇರೆ. ಒಂದು ಇಂಜೆಕ್ಷನ್ನಿಗೆ ಮೈಯೆಲ್ಲ ದದ್ದು ಎದ್ದಿತ್ತಂತೆ.

"ಇದೆಲ್ಲ ನಿಮ್ಮ ಹೆಸರಲ್ಲಿ ಓಡಾಡ್ತಿದೆ ಅತ್ತೆ" ಎಂದಳು ಬಿಂದುಶ್ರೀ. "ನಾಳೆ ನೀವು ಪ್ರಜ್ಞೆ ಇಲ್ದೆ ಮಲಗಿದ್ದಾಗ ಇದನ್ನ ನೋಡಿ ಬೇರೆ ಗುಂಪಿನ ರಕ್ತ ಕೊಟ್ಟುಬಿಟ್ರೆ?"

ಸೊಣ್ಣಮ್ಮ ಹಾಳೆ ತಿರುವಿದಳು. ಕೊನೆಯ ಹಾಳೆಯಲ್ಲಿ ರೋಗಿಯ ಫೋನ್ ನಂಬರ್ ಇತ್ತು. ಬಿಂದುಶ್ರೀ ಅದನ್ನು ಅತ್ತೆಯ ಮೊಬೈಲಿನಲ್ಲಿ ಒತ್ತಿದಳು. ಪರದೆಯ ಮೇಲೆ ಹೆಸರು ತಾನಾಗಿ ಬಂತು: ದಾನಮ್ಮ ನಾಲ್ಕನೇ ಮನೆ.

ದಾನಮ್ಮ ಅವರ ಹಳೇ ಬಾಡಿಗೆಯವಳು. ವಿಜಯಪುರದ ಕಡೆಯಿಂದ ಬಂದು ಬೊಮ್ಮನಹಳ್ಳಿ ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದಳು. ನಾಲ್ಕು ವರ್ಷ ಕೆಳಗಿನ ಮನೆಯಲ್ಲಿದ್ದು, ಆಮೇಲೆ ಗೊಟ್ಟಿಗೆರೆಗೆ ಹೋದಳು. ಹಬ್ಬಕ್ಕೆ ಶೇಂಗಾ ಹೋಳಿಗೆ ಮಾಡಿದರೆ ಮೊದಲ ತಟ್ಟೆ ಮೇಲಿನ ಮನೆಗೆ ಬರುತ್ತಿತ್ತು.

"ಆರಾಮದೀರೇನ್ರಿ ಅಮ್ಮಾರ?" ಅತ್ತ ಕಡೆಯಿಂದ ದನಿ ಬಂತು.

"ನಾನು ಆರಾಮಾಗಿಲ್ಲ ದಾನಮ್ಮ. ನನ್ನ ಹೆಸರಲ್ಲಿ ಕುಯ್ಸಿಕೊಂಡ್ಯಲ್ಲ, ನಿನ್ನ ಹೊಟ್ಟೆ ಆರಾಮಾಗಿದ್ಯಾ?"

ಫೋನಿನಲ್ಲಿ ಅಳು ಕೇಳಿತು.

"ಏನ್ ಮಾಡ್ಲಿರಿ ಅಮ್ಮಾರ, ನೋವು ತಡಕೊಳ್ಳಾಕ ಆಗ್ಲಿಲ್ಲ. ಫ್ಯಾಕ್ಟರಿ ಬಂದಾಗಿತ್ತು, ಇಎಸ್‌ಐ ಕಾರ್ಡೂ ನಡೀಲಿಲ್ಲ. ದವಾಖಾನಿ ಹತ್ರ ಒಬ್ಬ ಏಜೆಂಟ್ ಇದ್ದ. ಮನ್ಯಾಗ ಯಾರ್ದರ ಇನ್ಶೂರೆನ್ಸ್ ಕಾಗದ ಐತೇನು ಅಂದ. ಅಗ್ರಿಮೆಂಟಿನಾಗ ನಿಮ್ಮದು ಇತ್ತು. ಕೊಟ್ಟೆ."

"ಒಂದ್ಸಲ ನನ್ನ ಕೇಳ್ಬೋದಾಗಿತ್ತಲ್ಲ."

"ಕೇಳಿದ್ರ ಬ್ಯಾಡ ಅಂತಿದ್ರಿ."

"ಅಂತಿದ್ದೆ" ಎಂದಳು ಸೊಣ್ಣಮ್ಮ. "ಬೇರೆ ಏನಾದ್ರೂ ಮಾಡ್ತಿದ್ದೆ. ಈಗ ಕೇಳು. ನಾನು ಸ್ಟೇಷನ್ನಿಗೆ ಹೋಗ್ತಿದ್ದೀನಿ. ನಿನ್ನ ಹೆಸರು ಬರೆಸ್ತೀನಿ. ಬರೆಸದೆ ಇದ್ರೆ ನಾನೇ ಕಾರ್ಡು ಕೊಟ್ಟೆ ಅಂತಾರೆ, ಯಜಮಾನ್ರ ಪಾಲಿಸಿನೂ ಹೋಗುತ್ತೆ. ನಿಂಗೆ ಹೇಳ್ದೆ ಬರೆಸೋಕೆ ಮನಸ್ಸು ಬರಲಿಲ್ಲ, ಅದಕ್ಕೆ ಫೋನ್ ಮಾಡಿದೆ. ನೀನಾಗೇ ಬಂದು ಹೇಳಿದ್ರೆ ನಿಂಗೂ ಒಳ್ಳೇದು ಅಂತ ಸೀನು ಸಾರ್ ಹೇಳ್ತಾರೆ."

ದಾನಮ್ಮ ಫೋನಿಟ್ಟಳು. ಆಮೇಲೆ ಎರಡು ದಿನ ಫೋನು ಎತ್ತಲಿಲ್ಲ. ಓಡಿಹೋಗಿರುತ್ತಾಳೆ ಎಂದಳು ಬಿಂದುಶ್ರೀ. ಬೈರಣ್ಣ ಸುಮ್ಮನೆ ಮಾತ್ರೆ ನುಂಗಿ ಮಲಗಿದ. ಸೊಣ್ಣಮ್ಮನಿಗೆ ಆ ಎರಡು ದಿನವೂ ನೋವು ಬಂತು. ಗಂಜಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಆಕೆಯ ತಪ್ಪಿಲ್ಲವೆಂದು ಸಾಕ್ಷಿ ಹೇಳಬಲ್ಲವಳು ಜಗತ್ತಿನಲ್ಲಿ ಒಬ್ಬಳೇ ಇದ್ದಳು. ಆ ಒಬ್ಬಳಿಗೆ ಸಾಕ್ಷಿ ಹೇಳಿದರೆ ನಷ್ಟ.

ಮೂರನೇ ದಿನ ಬೆಳಿಗ್ಗೆ, ಸೊಣ್ಣಮ್ಮ ಸ್ಟೇಷನ್ನಿಗೆ ಹೊರಟು ಚಪ್ಪಲಿ ಹಾಕುತ್ತಿದ್ದಾಗ, ಗೇಟಿನ ಹತ್ತಿರ ದಾನಮ್ಮ ನಿಂತಿದ್ದಳು. ಜೊತೆಗೆ ಅವಳ ಅಕ್ಕ ಪಾರವ್ವ.

"ನಾನು ಬ್ಯಾಡ ಅಂತನಽ ಹೇಳಿದ್ನಿರಿ" ಎಂದಳು ಪಾರವ್ವ, ನಮಸ್ಕಾರ ಕೂಡ ಮಾಡದೆ. "ಇಕಿ ಕೇಳಬೇಕಲ್ಲ. ನಾಲ್ಕು ವರ್ಷ ಅವರ ನೀರು ಕುಡದೀನಿ ಅಂತಾಳ."

"ನೀರಿಗೂ ಬಾಡಿಗೆ ಇಸ್ಕೊಂಡಿದ್ದೀನಿ ಬಿಡಮ್ಮ" ಎಂದಳು ಸೊಣ್ಣಮ್ಮ. "ಒಳಗೆ ಬನ್ನಿ, ಕಾಫಿ ಕುಡ್ಕೊಂಡು ಹೋಗೋಣ."

ಸ್ಟೇಷನ್ನಿಗೆ ಸೀನು ಅವರೂ ಬಂದರು. ದೂರು ಬರೆಯುವಾಗ ಒಂದು ಮಾತಿಗೆ ಜಗಳವಾಯಿತು. ತನ್ನ ನಕಲನ್ನು ದಾನಮ್ಮ ಕದ್ದಳು ಎಂದು ಬರೆಯಲು ಸೊಣ್ಣಮ್ಮ ಒಪ್ಪಲಿಲ್ಲ.

"ಕದ್ದಿಲ್ಲ ಸಾರ್. ಅವಳು ಕೇಳಿರಲಿಲ್ಲ, ನಾನೇ ಕೊಟ್ಟೆ. ಅಗ್ರಿಮೆಂಟಿಗೆ ಅಂತ ಕೊಟ್ಟೆ. ಹಂಗೇ ಬರೀರಿ."

"ಹಾಗೆ ಬರೆದರೆ ನಿಮಗೇ ತೊಂದರೆಯಾದೀತಮ್ಮಾ" ಎಂದರು ಸೀನು.

"ಇರೋದನ್ನ ಬರೆದ್ರೆ ಏನು ತೊಂದ್ರೆ? ಬಾಡಿಗೆಗೆ ಕೊಟ್ಟಿದ್ದು ಆಸ್ಪತ್ರೆಗೆ ಹೋಯ್ತು. ಅದೇ ತಪ್ಪು. ಅಷ್ಟು ಬರೀರಿ ಸಾಕು."

ಸೀನು ಅವರು ಎರಡು ಸಲ ಓದಿಕೊಂಡು ಒಪ್ಪಿದರು. ಯಾವ ಕೆಲಸಕ್ಕೆಂದು ಕೊಟ್ಟೆವೋ ಆ ಕೆಲಸಕ್ಕೆ ಮಾತ್ರ ಮಾಹಿತಿ ಬಳಸಬೇಕು, ಖಾಸಗಿ ಮಾಹಿತಿ ರಕ್ಷಣೆಯ ಹೊಸ ಕಾಯ್ದೆಯ ತಿರುಳೂ ಸುಮಾರು ಇದೇ ಎಂದು ಇನ್ಸ್‌ಪೆಕ್ಟರಿಗೆ ವಿವರಿಸತೊಡಗಿದರು. ಇನ್ಸ್‌ಪೆಕ್ಟರ್ ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ದಾನಮ್ಮ ಏಜೆಂಟಿನ ಹೆಸರು, ನಂಬರು, ಅವನು ಕೂರುವ ಟೀ ಅಂಗಡಿ ಎಲ್ಲ ಹೇಳಿದಳು. ಪೊಲೀಸರು ಅವನನ್ನು ಹಿಡಿದಾಗ ಅವನ ಹತ್ತಿರ ಇಂಥವೇ ಮೂವತ್ತು ಮನೆಯವರ ಕಾಗದ ಸಿಕ್ಕಿತು.

ಕೇಸು ಈಗಲೂ ನಡೆಯುತ್ತಿದೆ. ಏಜೆಂಟು ಮೊದಲನೇ ಆರೋಪಿ, ದಾನಮ್ಮ ಎರಡನೆಯವಳು. ಅವಳು ಜಾಮೀನಿನ ಮೇಲಿದ್ದಾಳೆ, ಕೋರ್ಟಿನ ದಿನ ಬಸ್ಸು ಹಿಡಿದು ಹೋಗಿ ಬರುತ್ತಾಳೆ. ಏನಾಗುತ್ತದೋ ಯಾರೂ ಹೇಳಲಾರರು. ಗೊಟ್ಟಿಗೆರೆಯಿಂದ ಹೋಳಿಗೆ ಬರುವುದು ನಿಂತಿದೆ.

ಇನ್ಶೂರೆನ್ಸ್ ಕಂಪನಿ ಇಪ್ಪತ್ತಾರು ದಿನ ತೆಗೆದುಕೊಂಡಿತು. ದೂರಿನ ಪ್ರತಿ, ದಾನಮ್ಮನ ಹೇಳಿಕೆ, ಸ್ಕ್ಯಾನ್ ರಿಪೋರ್ಟ್ ಎಲ್ಲ ನೋಡಿ, ಹಳೆಯ ಕ್ಲೇಮು ಸೊಣ್ಣಮ್ಮನದಲ್ಲ ಎಂದು ಪತ್ರ ಕಳಿಸಿತು. ಪಾಲಿಸಿ ಉಳಿಯಿತು. ನರ್ಸಿಂಗ್ ಹೋಮಿನವರು ಫೈಲಿನ ಮೇಲೆ, ಇದು ಈ ಹೆಸರಿನವರ ದಾಖಲೆಯಲ್ಲ ಎಂದು ಬರೆದು ಸೀಲು ಒತ್ತಿದರು. ಒತ್ತುವವರೆಗೂ ಬಿಂದುಶ್ರೀ ಕುರ್ಚಿ ಬಿಟ್ಟು ಏಳಲಿಲ್ಲ.

ಡಿಸೆಂಬರಿನ ಒಂದು ಬುಧವಾರ ಸೊಣ್ಣಮ್ಮ ಬನಶಂಕರಿಯ ಆಸ್ಪತ್ರೆಗೆ ದಾಖಲಾದಳು. ಉಮಾಶ್ರೀ ಎಂಬ ನರ್ಸು ಫಾರಂ ಹಿಡಿದು ಬಂದಳು.

"ಅಜ್ಜಿ, ಸಕ್ಕರೆ ಕಾಯಿಲೆ?"

"ಇಲ್ಲ."

"ಯಾವುದಾದ್ರೂ ಇಂಜೆಕ್ಷನ್ ಆಗಲ್ವಾ?"

"ಎಲ್ಲ ಆಗುತ್ತೆ."

"ಮುಂಚೆ ಏನಾದ್ರೂ ಆಪರೇಷನ್ ಆಗಿದ್ಯಾ?"

"ನಂಗಾಗಿಲ್ಲ" ಎಂದಳು ಸೊಣ್ಣಮ್ಮ. ನರ್ಸು ಬರೆದುಕೊಂಡು ಹೊರಡುವಾಗ ಕೈ ಹಿಡಿದು ನಿಲ್ಲಿಸಿದಳು. "ಏನು ಬರೆದೆ, ಒಂದ್ಸಲ ಓದಿ ಹೇಳಮ್ಮ."

ಉಮಾಶ್ರೀ ಮೊದಲಿನಿಂದ ಕೊನೆಯವರೆಗೆ ಓದಿದಳು. ಸೊಣ್ಣಮ್ಮ ಒಂದೊಂದಕ್ಕೂ ಹ್ಞೂಂ, ನಂದೇ ಎಂದಳು.