ಕೆಂಪು ಕಡ್ಡಿಗಳ ಸುತ್ತ ಚೌಕ

ಕೆಸರೆಯ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಫದ ಸ್ಲೈಡು ನೋಡುತ್ತಿದ್ದೇನೆ. ಬಣ್ಣ ಹಾಕಿದ ಮೇಲೆ ಕ್ಷಯದ ಬ್ಯಾಕ್ಟೀರಿಯಾ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳಂತೆ ಕಾಣುತ್ತವೆ. ನನ್ನ ಕಣ್ಣಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಒಂದು ದಿನ ಎಂಜಿನಿಯರಿಂಗ್ ಕಾಲೇಜಿನಿಂದ ಒಬ್ಬ ಸಂಶೋಧಕಿ ಬಂದಳು. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕೂರಿಸಿ, ಚಿತ್ರದಲ್ಲಿ ಕಡ್ಡಿ ಎಲ್ಲಿದೆಯೆಂದು ತಾನೇ ಹುಡುಕುವ ಸಾಫ್ಟ್‌ವೇರ್ ಮಾಡುತ್ತಿದ್ದಳು. ಅದಕ್ಕೆ ಮೊದಲು ಯಾರಾದರೂ ಕಲಿಸಬೇಕಂತೆ. ಊಟವಾದ ಮೇಲೆ ಕೂತು, ಚಿತ್ರಗಳಲ್ಲಿ ಪ್ರತಿ ಕಡ್ಡಿಯ ಸುತ್ತ ಮೌಸಿನಿಂದ ಚೌಕ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು.

"ಇದಕ್ಕೆ ಕಲಿಸ್ಬುಟ್ರೆ ನನ್ನನ್ನ ಮನೆಗೆ ಕಳಿಸ್ತಾರೆ ಅಷ್ಟೆ," ಎಂದೆ.

"ಇಲ್ಲ ಮೇಡಂ, ನಿಮ್ಮ ಕಣ್ಣು ಸುಸ್ತಾದಾಗ ಇದು ನೋಡುತ್ತೆ," ಎಂದಳು. ನನಗೇನೂ ಸಮಾಧಾನವಾಗಲಿಲ್ಲ.

ಮೊದಮೊದಲು ಅದು ಬಣ್ಣದ ಕಲೆಗೂ ಚೌಕ ಹಾಕುತ್ತಿತ್ತು. ನಗುತ್ತಾ ಅಳಿಸುತ್ತಿದ್ದೆ. ಬರಬರುತ್ತಾ ನಗುವುದು ಕಡಿಮೆಯಾಯಿತು.

ಒಂದು ಮಧ್ಯಾಹ್ನ ನೋಡಿ ಮುಗಿಸಿದ ಸ್ಲೈಡುಗಳನ್ನು ಅದಕ್ಕೆ ತೋರಿಸುತ್ತಿದ್ದೆವು. ಹಿಂದಿನ ವಾರ ನಾನೇ 'ಇಲ್ಲ' ಎಂದು ಬರೆದಿದ್ದ ಒಂದರಲ್ಲಿ ಎರಡು ಚೌಕ ಮೂಡಿದವು.

"ಕಲೆ ಇರ್ಬೇಕು ಬುಡಮ್ಮ," ಎನ್ನುತ್ತಲೇ ಲೆನ್ಸಿಗೆ ಕಣ್ಣಿಟ್ಟೆ. ದಟ್ಟ ನೀಲಿಯ ಅಂಚಿನಲ್ಲಿ, ಮಸುಕಾಗಿ, ಎರಡು ಕೆಂಪು ಕಡ್ಡಿ. ನಂಬರು ನೋಡಿ ರಿಜಿಸ್ಟರು ತೆಗೆದೆ.

ಆ ಸ್ಲೈಡು ದೇವರಾಜ ಮೊಹಲ್ಲಾದ ಒಬ್ಬ ದರ್ಜಿಯದು. ಡಾಕ್ಟರಿಗೆ ತಿಳಿಸಿ, ತಕ್ಷಣ ನಾನೇ ಫೋನು ಮಾಡಿದೆ.

"ರಿಪೋರ್ಟು ಚೆನ್ನಾಗದೆ ಅಂದ್ರಲ್ಲಮ್ಮ?" ಎಂದರು ಅವರು.

"ನಾನೇ ತಪ್ಪು ನೋಡ್ಬುಟ್ಟೆ ಕಣ್ರೀ. ನಾಳೆ ಬೆಳಿಗ್ಗೆ ಬಂದ್ಬುಡಿ, ಇನ್ನೊಂದ್ಸಲ ಪರೀಕ್ಷೆ ಮಾಡೋಣ."

"ಮೊಮ್ಮಗಳು ನನ್ ಪಕ್ಕದಲ್ಲೇ ಮಲಗ್ತಾಳೆ. ಈಗಾದ್ರೂ ಹೇಳಿದ್ರಲ್ಲ," ಎಂದರು ಅವರು.

ಮರುಪರೀಕ್ಷೆಯಲ್ಲಿ ಕ್ಷಯವೇ ಎಂದು ಖಚಿತವಾಯಿತು. ಮಾತ್ರೆ ಶುರುವಾದವು. ಮೊಮ್ಮಗಳನ್ನೂ ಪರೀಕ್ಷಿಸಿದರು, ಅವಳಿಗೇನೂ ಇರಲಿಲ್ಲ. ನನ್ನನ್ನು ಯಾರೂ ಮನೆಗೆ ಕಳಿಸಲಿಲ್ಲ. ಈಗ ಮೊದಲು ನಾನು ನೋಡುತ್ತೇನೆ, ಆಮೇಲೆ ಅದು. ಇಬ್ಬರ ಮಾತು ಬೇರೆಯಾದರೆ ಮತ್ತೆ ಲೆನ್ಸಿಗೆ ಬಗ್ಗುತ್ತೇನೆ. ಒಮ್ಮೊಮ್ಮೆ ಅದು ಗೆಲ್ಲುತ್ತದೆ, ಬಹಳ ಸಲ ನಾನು.

ಔಷಧಿ ಮುಗಿದ ದಿನ ದರ್ಜಿ ಬಂದು, ತಮ್ಮ ಕಾಯಿಲೆ ಹಿಡಿದ ಚಿತ್ರ ತೋರಿಸಿ ಎಂದರು. ಕಂಪ್ಯೂಟರಿನ ಹತ್ತಿರ ಮುಖ ತಂದು ನೋಡಿದರು.

"ಇಷ್ಟೇಯಾ? ಇದನ್ನ ಕಾಣ್ಲಿಲ್ಲ ಅಂತ ನಿಮ್ಮನ್ನ ಬೈಯಕ್ಕಾಗಲ್ಲ ಬುಡಿ," ಎಂದವರು, ಹೊಟ್ಟೆಯ ಹತ್ತಿರ ಬಿಗಿಯಾಗಿದ್ದ ಅಂಗಿಯ ಗುಂಡಿ ಎಳೆದು ತೋರಿಸಿದರು. "ನೋಡಿ, ಮೈ ತುಂಬ್ಕೊಂಡದೆ. ಊರೋರ ಬಟ್ಟೆಯೆಲ್ಲ ಬದಿಗಿಟ್ಟು, ಮೊದಲು ನಂದನ್ನೇ ಬಿಚ್ಚಿ ಅಗಲ ಮಾಡ್ಕೋಬೇಕು."